ಬೆಟ್ಟದ ಸೈಕಲ್ ಸವಾರಿ: ಕಠಿಣ ಜಾಡುಗಳಿಗೆ ಇಳಿಯುವ ಹೊಸ ಸವಾರರಿಗೆ ಮಾಹಿತಿ ಮತ್ತು ಅರಣ್ಯ ಪ್ರವೇಶದ ಅನುಮತಿ

ಪೀಠಿಕೆ

ಬೆಟ್ಟದ ಸೈಕಲ್ ಸವಾರಿಯು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡು, 1996ರ ಅಟ್ಲಾಂಟಾ ಒಲಿಂಪಿಕ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಸ್ಪರ್ಧೆಯಾಗಿ ಸೇರ್ಪಡೆಗೊಂಡ ಕ್ರೀಡೆಯಾಗಿರುತ್ತದೆ. ಕರ್ನಾಟಕದಲ್ಲಿ ವಿಜಯಪುರ ಹಾಗೂ ಬಾಗಲಕೋಟೆ ಜಿಲ್ಲೆಗಳು ಸೈಕಲ್ ಕ್ರೀಡೆಗೆ ಮೊದಲಿನಿಂದಲೂ ಹೆಸರಾಗಿದ್ದು, 2022ರಲ್ಲಿ ಗದಗದಲ್ಲಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆ ನಡೆದಿರುತ್ತದೆ. ಬೆಂಗಳೂರಿನ ಸುತ್ತಲಿನ ತುರಹಳ್ಳಿ, ಆವಲಹಳ್ಳಿ, ನಂದಿ ಬೆಟ್ಟದ ಸಾಲು ಮತ್ತು ರಾಮನಗರದ ಬಂಡೆ ಗುಡ್ಡಗಳ ಕಡೆಗೆ ಹೊಸ ಸವಾರರು ಹೆಚ್ಚಾಗಿ ಆಕರ್ಷಿತರಾಗುತ್ತಾರೆ.

ಈ ಸವಾರರಲ್ಲಿ ಬಹುತೇಕರು ರಸ್ತೆಯಲ್ಲಿ ಸೈಕಲ್ ತುಳಿದು ಅಭ್ಯಾಸವಿದ್ದವರು. ರಸ್ತೆಯಲ್ಲಿ 50 ಕಿಲೋಮೀಟರ್ ದಣಿಯದೆ ಹೋಗಬಲ್ಲವರು ಬೆಟ್ಟದ ಕಾಲುದಾರಿಯ ಮೊದಲ 500 ಮೀಟರಿನಲ್ಲಿಯೇ ಬೀಳುವುದುಂಟು. ಇದಕ್ಕೆ ದೇಹಬಲದ ಕೊರತೆ ಕಾರಣವಲ್ಲ. ನೆಲವನ್ನು ಓದುವ ಅಭ್ಯಾಸ ಇನ್ನೂ ಬಂದಿಲ್ಲದಿರುವುದೇ ಕಾರಣ. ಇನ್ನೊಂದು ಕಡೆ, ತಾನು ಸಾಗುತ್ತಿರುವ ಜಾಡು ಮೀಸಲು ಅರಣ್ಯದೊಳಗಿದೆ ಎಂಬ ಅರಿವೇ ಇಲ್ಲದೆ ಹಲವರು ಕಾನೂನಿನ ತೊಡಕಿಗೆ ಸಿಲುಕುತ್ತಾರೆ. ಈ ಎರಡೂ ವಿಷಯಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಜಾಡಿನ ನೆಲದ ಸ್ವರೂಪ

ವಿದೇಶಗಳ ಸೈಕಲ್ ಉದ್ಯಾನಗಳಲ್ಲಿ ಹಸಿರು, ನೀಲಿ, ಕಪ್ಪು ಗುರುತುಗಳ ಮೂಲಕ ಜಾಡಿನ ಕಾಠಿಣ್ಯವನ್ನು ಫಲಕದಲ್ಲಿ ಸೂಚಿಸುವ ಪದ್ಧತಿ ಇದೆ. ನಮ್ಮ ಗುಡ್ಡಗಳ ಕಾಲುದಾರಿಗಳು ದನಕರು, ಕುರಿ ಮಂದೆ ಮತ್ತು ಸೌದೆ ತರುವವರು ನಡೆದು ಆದಂಥವು. ಅಲ್ಲಿ ಇಂತಹ ಫಲಕಗಳನ್ನು ನಿರೀಕ್ಷಿಸಲಾಗದು. ಆದ್ದರಿಂದ ಜಾಡಿನ ಮಟ್ಟವನ್ನು ಸವಾರರೇ ನಿರ್ಧರಿಸಿಕೊಳ್ಳಬೇಕಾಗುತ್ತದೆ.

ರಾಮನಗರದ ಗುಡ್ಡಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆಯವು. ರಾಮನಗರದ ಹಿಂದಿನ ಹೆಸರಿನಿಂದಲೇ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುತ್ತಾರೆ. ಒಣಗಿದ ಹಾಸುಬಂಡೆಯು ಟಯರಿಗೆ ಬಹಳ ಒಳ್ಳೆಯ ಹಿಡಿತ ಕೊಡುತ್ತದೆ. ಕಣ್ಣಿಗೆ ಅಸಾಧ್ಯವೆನಿಸುವ ಇಳಿಜಾರನ್ನೂ ಅದರ ಮೇಲೆ ನಿಧಾನವಾಗಿ ಇಳಿಯಬಹುದು. ಆದರೆ ಅದೇ ಬಂಡೆಯ ಮೇಲೆ ಮಳೆನೀರು ಹರಿದು ಕಪ್ಪು ಪಟ್ಟೆಯಾಗಿರುವ ಕಡೆ ಪಾಚಿ ಕಟ್ಟಿರುತ್ತದೆ. ಒಂದು ಹನಿ ಮಳೆ ಬಿದ್ದರೂ ಆ ಪಟ್ಟೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಬೆಳಿಗ್ಗೆ ಹತ್ತಿದ ಬಂಡೆಯನ್ನು ಮಧ್ಯಾಹ್ನದ ತುಂತುರಿನ ನಂತರ ಇಳಿಯಲಾಗದೆ ಸಿಲುಕುವ ಸಂದರ್ಭ ಬರುವುದು ಹೀಗೆ.

ಬಂಡೆಗಿಂತ ಹೆಚ್ಚು ಮೋಸ ಮಾಡುವುದು ಗರಸು. ಗಟ್ಟಿ ಕೆಂಪು ನೆಲದ ಮೇಲೆ ಸಣ್ಣ ಕಲ್ಲುಹರಳು ಹರಡಿಕೊಂಡಿದ್ದರೆ ಚಕ್ರ ಆ ಹರಳುಗಳ ಮೇಲೆ ಉರುಳುತ್ತದೆಯೇ ಹೊರತು ನೆಲವನ್ನು ಹಿಡಿಯುವುದಿಲ್ಲ. ತಿರುವಿನ ಹೊರ ಅಂಚಿನಲ್ಲಿ ಇದು ಹೆಚ್ಚಾಗಿ ಸಂಗ್ರಹವಾಗಿರುತ್ತದೆ. ನೀಲಗಿರಿ ನೆಡುತೋಪುಗಳಲ್ಲಿ ಒಣ ಎಲೆಯ ಹಾಸು ಕಲ್ಲು, ಬೇರುಗಳನ್ನು ಮುಚ್ಚಿರುತ್ತದೆ. ಮಳೆಗಾಲದ ನೀರು ಕೊರೆದ ಕೊರಕಲು ಜಾಡಿನ ಉದ್ದಕ್ಕೇ ಸಾಗಿದ್ದಲ್ಲಿ, ಅದರೊಳಗೆ ಇಳಿದ ಮುಂಚಕ್ರವನ್ನು ಹೊರಗೆಳೆಯಲು ಹ್ಯಾಂಡಲ್ ತಿರುಗಿಸಿದ ಕ್ಷಣವೇ ಸವಾರ ಬೀಳುತ್ತಾನೆ. ಕೊರಕಲಿನೊಳಗೆ ಸಿಕ್ಕಿದರೆ ಅದರಲ್ಲಿಯೇ ನೇರವಾಗಿ ಸಾಗಿ ನಿಲ್ಲುವುದು ಲೇಸು.

ಮಲೆನಾಡಿನ ಜಾಡುಗಳು ಬೇರೆಯೇ ಬಗೆಯವು. ಜಂಬಿಟ್ಟಿಗೆ ಕಲ್ಲು, ಒದ್ದೆ ಬೇರು, ಜಿಗಟು ಮಣ್ಣು ಇವುಗಳಿಂದಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರು ಅತ್ತ ಹೋಗದಿರುವುದೇ ಒಳಿತು. ಒದ್ದೆ ಜಾಡಿನಲ್ಲಿ ಚಕ್ರ ಕೊರೆದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ಸೈಕಲ್ ಮತ್ತು ರಕ್ಷಣಾ ಸಾಧನ

ದುಬಾರಿ ಸೈಕಲ್ ಅನಿವಾರ್ಯವಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ, ಡಿಸ್ಕ್ ಬ್ರೇಕಿನ, ಸವಾರರ ಎತ್ತರಕ್ಕೆ ಸರಿಹೊಂದುವ ಸೈಕಲ್ ಮೊದಲ ಒಂದೆರಡು ವರ್ಷಗಳಿಗೆ ಸಾಕಾಗುತ್ತದೆ. ಹೆಚ್ಚಿನ ಸಸ್ಪೆನ್ಷನ್ ಇರುವ ಸೈಕಲ್ ಸವಾರರ ತಪ್ಪುಗಳನ್ನು ಮುಚ್ಚಿಹಾಕುವುದರಿಂದ ಕಲಿಕೆ ತಡವಾಗುವುದೂ ಉಂಟು.

ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ರಸ್ತೆಗೆ ತುಂಬಿದಷ್ಟೇ ಗಾಳಿಯೊಂದಿಗೆ ಬೆಟ್ಟಕ್ಕೆ ಹೋಗುವುದು. ಟ್ಯೂಬ್ ಇರುವ ಅಗಲ ಟಯರಿನಲ್ಲಿ, ಸವಾರರ ತೂಕವನ್ನು ಅನುಸರಿಸಿ, ಸುಮಾರು 25ರಿಂದ 35 ಪಿ.ಎಸ್.ಐ. ಒತ್ತಡ ಸಾಮಾನ್ಯವಾಗಿ ಸೂಕ್ತ. ಅದಕ್ಕಿಂತ ಗಟ್ಟಿಯಾದರೆ ಚಕ್ರ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. ತೀರಾ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತಾಗುತ್ತದೆ. ಬಯಲುಸೀಮೆಯಲ್ಲಿ ಜಾಲಿ ಮುಳ್ಳಿನ ಕಾಟ ವಿಪರೀತ. ಎರಡು ಬಿಡಿ ಟ್ಯೂಬ್, ಪಂಪು ಮತ್ತು ಪಂಕ್ಚರ್ ಸಾಮಗ್ರಿ ಇಲ್ಲದೆ ಹೊರಡಬಾರದು.

ಹೆಲ್ಮೆಟ್ ಕಡ್ಡಾಯವೆಂದೇ ಭಾವಿಸತಕ್ಕದ್ದು. ಒಮ್ಮೆ ಬಲವಾದ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಬಿರುಕು ಕಾಣದಿದ್ದರೂ ಬದಲಾಯಿಸಬೇಕು. ಪೂರ್ಣ ಬೆರಳಿನ ಕೈಗವಸು ಮತ್ತು ಮೊಣಕಾಲು ಕವಚಕ್ಕೆ ಮಾಡುವ ಖರ್ಚು ವ್ಯರ್ಥವಲ್ಲ.

ಕೌಶಲದ ಬೆಳವಣಿಗೆ

ಅಭ್ಯಾಸವನ್ನು ಗುಡ್ಡದಲ್ಲಿ ಆರಂಭಿಸುವುದಕ್ಕಿಂತ ಬಯಲಿನಲ್ಲಿ ಆರಂಭಿಸುವುದು ಸೂಕ್ತ. ಪೆಡಲ್‌ಗಳನ್ನು ನೆಲಕ್ಕೆ ಸಮಾನಾಂತರವಾಗಿಟ್ಟು, ಸೀಟಿನಿಂದ ಮೇಲೆದ್ದು, ಮೊಣಕೈ ಮೊಣಕಾಲು ಮಡಿಸಿ, ಹಿಮ್ಮಡಿಯನ್ನು ತುಸು ಕೆಳಗಿಳಿಸಿ ನಿಲ್ಲುವ ಭಂಗಿ ಎಲ್ಲದಕ್ಕೂ ತಳಹದಿ. ಈ ಭಂಗಿಯಲ್ಲಿ ತೂಕವು ಕಾಲಿನ ಮೇಲಿರುತ್ತದೆ, ಕೈಗಳು ಹಗುರಾಗಿರುತ್ತವೆ. ಹೆದರಿದ ಸವಾರ ಮಾಡುವುದು ಇದಕ್ಕೆ ತದ್ವಿರುದ್ಧ: ಸೀಟಿನ ಮೇಲೆ ಕುಳಿತು ಕೈಗಳನ್ನು ಕೋಲಿನಂತೆ ನೆಟ್ಟಗೆ ಮಾಡುತ್ತಾನೆ. ಆಗ ಪ್ರತಿ ಕಲ್ಲಿನ ಪೆಟ್ಟೂ ನೇರವಾಗಿ ಭುಜಕ್ಕೆ ತಾಗಿ ಹ್ಯಾಂಡಲ್ ಅಲುಗಾಡುತ್ತದೆ.

ದೃಷ್ಟಿಯ ವಿಷಯವೂ ಅಷ್ಟೇ ಮುಖ್ಯ. ತಪ್ಪಿಸಬೇಕಾದ ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ ಆ ಕಲ್ಲಿಗೇ ಹೋಗುತ್ತದೆ. ಕಣ್ಣು ಮುಂಚಕ್ರದ ಮೇಲಲ್ಲ, ನಾಲ್ಕೈದು ಮೀಟರ್ ಮುಂದೆ ಹೋಗಬೇಕಾದ ದಾರಿಯ ಮೇಲಿರಬೇಕು.

ಬ್ರೇಕ್ ಬಗ್ಗೆ ಹೆಚ್ಚಿನ ವಿವರ ಅಗತ್ಯವಿದೆ. ಮುಂದಿನ ಬ್ರೇಕ್ ಹಿಡಿದರೆ ತಲೆಕೆಳಗಾಗಿ ಬೀಳುತ್ತಾರೆಂಬ ಭಯದಿಂದ ಅನೇಕರು ಹಿಂದಿನ ಬ್ರೇಕನ್ನು ಮಾತ್ರ ಬಳಸುತ್ತಾರೆ. ವಾಸ್ತವವಾಗಿ ವೇಗ ಕುಗ್ಗಿದಾಗ ತೂಕ ಮುಂದಕ್ಕೆ ಸರಿಯುವುದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಚಕ್ರದಲ್ಲಿಯೇ ಇರುತ್ತದೆ. ಹಿಂದಿನ ಚಕ್ರವನ್ನು ಮಾತ್ರ ಬಿಗಿದರೆ ಅದು ಉರುಳುವುದು ನಿಂತು ಜಾರುತ್ತದೆ, ಜಾಡೂ ಕೆಡುತ್ತದೆ. ಒಂದೊಂದೇ ಬೆರಳಿನಿಂದ ಎರಡೂ ಬ್ರೇಕುಗಳನ್ನು ಹಂತಹಂತವಾಗಿ ಒತ್ತುವ, ದೇಹವನ್ನು ಕೆಳಕ್ಕೂ ತುಸು ಹಿಂದಕ್ಕೂ ತರುವ ಅಭ್ಯಾಸವನ್ನು ಸಮತಟ್ಟು ಮಣ್ಣಿನ ನೆಲದಲ್ಲಿ ಮಾಡತಕ್ಕದ್ದು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಸಡಿಲಿಸಬೇಕು. ಗರಸಿನ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಕಾಲಡಿಯಿಂದ ಜಾರಿಹೋಗುವುದು ಖಚಿತ. ಬಾಡಿಗೆ ಸೈಕಲ್ ಪಡೆದವರು ಯಾವ ಕೈಯ ಹಿಡಿ ಯಾವ ಚಕ್ರದ್ದೆಂದು ಹೊರಡುವ ಮುನ್ನ ಪರೀಕ್ಷಿಸಬೇಕು. ಇದು ಎಲ್ಲ ಸೈಕಲ್‌ಗಳಲ್ಲಿ ಒಂದೇ ರೀತಿ ಇರುವುದಿಲ್ಲ.

ಏರಿನಲ್ಲಿ ಗೇರನ್ನು ಕಡಿದಾದ ಭಾಗ ಬರುವ ಮೊದಲೇ ಹಗುರಗೊಳಿಸಬೇಕು. ಏರಿನ ನಡುವೆ ಬಲವಾಗಿ ತುಳಿಯುತ್ತಾ ಗೇರು ಬದಲಿಸಿದರೆ ಚೈನು ತುಂಡಾಗಬಹುದು. ಸೀಟಿನ ಮುಂತುದಿಗೆ ಸರಿದು, ಎದೆಯನ್ನು ಹ್ಯಾಂಡಲ್ ಕಡೆಗೆ ಬಾಗಿಸಿ, ಕುಳಿತೇ ತುಳಿದರೆ ಹಿಂಚಕ್ರಕ್ಕೆ ಹಿಡಿತ ಸಿಗುತ್ತದೆ. ಇಳಿಜಾರಿನಲ್ಲಿ ಸೀಟನ್ನು ತಗ್ಗಿಸಿಕೊಳ್ಳಬೇಕು. ಇದಕ್ಕಾಗಿ ಎರಡು ನಿಮಿಷ ನಿಲ್ಲಲು ಸಂಕೋಚಪಡುವವರೇ ಹೆಚ್ಚು ಬೀಳುತ್ತಾರೆ.

ಪ್ರತಿ ವಾರ ಹೊಸ ಬೆಟ್ಟಕ್ಕೆ ಹೋಗುವವರಿಗಿಂತ ಒಂದೇ ಸಣ್ಣ ಜಾಡನ್ನು ಮತ್ತೆ ಮತ್ತೆ ಸವಾರಿ ಮಾಡುವವರು ಬೇಗ ಸುಧಾರಿಸುತ್ತಾರೆ. ಕಲ್ಲುಗಳ ಸ್ಥಾನ ಬಾಯಿಪಾಠವಾದಾಗ ಗಮನವು ದೇಹದ ಚಲನೆಯ ಕಡೆಗೆ ಹರಿಯುತ್ತದೆ. ಕಠಿಣ ಭಾಗ ಎದುರಾದಾಗ ಸೈಕಲನ್ನು ಮಲಗಿಸಿ, ಮೇಲಿನಿಂದ ಕೆಳಗಿನವರೆಗೆ ನಡೆದು, ಎಲ್ಲಿ ಪ್ರವೇಶ, ಎಲ್ಲಿ ನಿರ್ಗಮನ, ತಪ್ಪಿದರೆ ಎಲ್ಲಿಗೆ ಬೀಳುವುದು ಎಂದು ನೋಡಿಕೊಳ್ಳಬೇಕು. ಬೀಳುವ ಜಾಗದಲ್ಲಿ ಮಣ್ಣು, ಹುಲ್ಲು ಇದ್ದರೆ ಪ್ರಯತ್ನಿಸಬಹುದು. ಬಂಡೆಯ ಅಂಚು, ಹಳೆಯ ಕಲ್ಲುಗಣಿಯ ಗುಂಡಿ ಅಥವಾ ಮುರಿದ ಮರದ ಮೊನೆ ಇದ್ದರೆ, ಅದು ಎಷ್ಟೇ ಸುಲಭವೆನಿಸಿದರೂ, ಸೈಕಲ್ ತಳ್ಳಿಕೊಂಡು ಇಳಿಯತಕ್ಕದ್ದು. ಜೊತೆಗಾರರು ಇಳಿದರೆಂಬುದು ಇಳಿಯಲು ಕಾರಣವಲ್ಲ. ದಣಿದ ಕೊನೆಯ ಸುತ್ತಿನಲ್ಲಿ ಹೊಸದೇನನ್ನೂ ಪ್ರಯತ್ನಿಸಬಾರದು.

ಅನುಮತಿ ಮತ್ತು ಅರ್ಜಿ

ಸವಾರಿಗೆ ಆರಿಸಿದ ಜಾಗ ಯಾರ ವಶದಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಗುಡ್ಡದ ಬುಡ ಗೋಮಾಳವಾಗಿದ್ದು, ನಡುಭಾಗ ಮೀಸಲು ಅರಣ್ಯವಾಗಿದ್ದು, ಆಚೆ ಬದಿ ಖಾಸಗಿ ಹಿಡುವಳಿಯಾಗಿರುವುದು ಸಾಮಾನ್ಯ. ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅಡಿಯಲ್ಲಿ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಅತಿಕ್ರಮ ಪ್ರವೇಶ ಮಾಡುವುದು ಹಾಗೂ ಅಲ್ಲಿ ಬೆಂಕಿ ಹೊತ್ತಿಸುವುದು ಅಪರಾಧವಾಗಿರುತ್ತದೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972 ಅನ್ವಯಿಸುತ್ತದೆ. ಅಲ್ಲಿ ಪ್ರವೇಶಕ್ಕೆ ಪರವಾನಗಿ ಅಗತ್ಯ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ಕಾವೇರಿ ವನ್ಯಜೀವಿ ಧಾಮ ಹಾಗೂ 2012ರಲ್ಲಿ ಘೋಷಣೆಯಾದ ರಾಮದೇವರ ಬೆಟ್ಟದ ರಣಹದ್ದು ಧಾಮ ಬೆಂಗಳೂರಿಗೆ ಸಮೀಪವಿರುವಂಥವು. ಹಿಂದೆ ಯಾರೋ ಸವಾರಿ ಮಾಡಿದ ಜಾಡು ಮೊಬೈಲ್ ನಕ್ಷೆಯಲ್ಲಿ ಕಾಣಿಸುತ್ತದೆ ಎಂಬುದು ಅನುಮತಿಗೆ ಸಮಾನವಲ್ಲ.

ಅರಣ್ಯ ಪ್ರದೇಶವಾಗಿದ್ದಲ್ಲಿ ಸಂಬಂಧಿಸಿದ ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ಮೊದಲು ವಿಚಾರಿಸಿ, ಅವರ ಸೂಚನೆಯಂತೆ ಅರ್ಜಿ ಸಲ್ಲಿಸುವುದು ಸೂಕ್ತ. ಅರ್ಜಿಯಲ್ಲಿ ಸವಾರರೆಲ್ಲರ ಹೆಸರು, ವಯಸ್ಸು, ವಿಳಾಸ, ದೂರವಾಣಿ ಸಂಖ್ಯೆ, ಸವಾರಿಯ ದಿನ ಮತ್ತು ವೇಳೆ, ಪ್ರವೇಶ ಹಾಗೂ ನಿರ್ಗಮನದ ಸ್ಥಳ, ಸೈಕಲ್‌ಗಳ ಸಂಖ್ಯೆ ಇವನ್ನು ಸ್ಪಷ್ಟವಾಗಿ ನಮೂದಿಸಿ ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿದರೆ ಪರಿಶೀಲನೆ ಸುಗಮವಾಗುತ್ತದೆ. ಚಾರಣಕ್ಕಾಗಿ ಪಡೆದ ಚೀಟಿಯಿಂದ ಸೈಕಲ್ ಒಯ್ಯುವ ಹಕ್ಕು ತಾನಾಗಿ ಬರುವುದಿಲ್ಲ. ಸೈಕಲ್ ಸವಾರಿ ಎಂದೇ ಅರ್ಜಿಯಲ್ಲಿ ಬರೆಯಬೇಕು. 2024ರ ಆರಂಭದಲ್ಲಿ ಕುಮಾರ ಪರ್ವತದಲ್ಲಿ ಉಂಟಾದ ಜನದಟ್ಟಣೆಯ ನಂತರ, ಆನ್‌ಲೈನ್ ನೋಂದಣಿ ಇಲ್ಲದ ಚಾರಣ ಪಥಗಳಿಗೆ ತಾತ್ಕಾಲಿಕ ನಿರ್ಬಂಧ ವಿಧಿಸಲಾಗಿತ್ತು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಕಾರಣದಿಂದಲೂ ಪಥಗಳು ಮುಚ್ಚುವುದುಂಟು. ಆದುದರಿಂದ ಹಿಂದಿನ ವರ್ಷದ ಅನುಭವವನ್ನು ನಂಬಿ ಹೊರಡದೆ, ಹೋಗುವ ವಾರದಲ್ಲಿಯೇ ವಿಚಾರಿಸತಕ್ಕದ್ದು.

ಅನುಮತಿ ದೊರೆತಿದ್ದರೂ ಗಿಡ ಕಡಿದು ಹೊಸ ಜಾಡು ಮಾಡುವುದು, ಕಲ್ಲು ಜೋಡಿಸಿ ಜಿಗಿತದ ದಿಬ್ಬ ಕಟ್ಟುವುದು ಅದರಲ್ಲಿ ಸೇರಿರುವುದಿಲ್ಲ. ಕಾಫಿ ತೋಟ ಹಾಗೂ ಇತರ ಖಾಸಗಿ ಜಮೀನುಗಳಲ್ಲಿ ಮಾಲೀಕರ ಒಪ್ಪಿಗೆ ಅಗತ್ಯ. ಗೋಮಾಳದಲ್ಲಿ ದನ, ಕುರಿ ಮೇಯಿಸುವವರಿಗೆ ಮೊದಲ ದಾರಿ. ಮಂದೆ ಎದುರಾದರೆ ಸೈಕಲ್ ಇಳಿದು ನಿಲ್ಲಬೇಕು. ಇಳಿಜಾರಿನಲ್ಲಿ ವೇಗವಾಗಿ ಬಂದ ಒಬ್ಬ ಸವಾರ ಒಂದು ಕುರಿಮರಿಗೆ ಗುದ್ದಿದರೂ ಸಾಕು, ಊರಿನವರ ಒಪ್ಪಿಗೆಯಿಂದ ನಡೆಯುತ್ತಿದ್ದ ಜಾಡು ಎಲ್ಲ ಸವಾರರಿಗೂ ಮುಚ್ಚಿಹೋಗಬಹುದು.

ವನ್ಯಪ್ರಾಣಿ ಹಾಗೂ ಅಪಘಾತ

ತುರಹಳ್ಳಿ ಮತ್ತು ಬನ್ನೇರುಘಟ್ಟದ ಅಂಚಿನಲ್ಲಿ ಚಿರತೆ, ರಾಮನಗರದ ಗುಡ್ಡಗಳಲ್ಲಿ ಕರಡಿ, ಬನ್ನೇರುಘಟ್ಟ, ಸಕಲೇಶಪುರ ಮತ್ತು ಕೊಡಗಿನ ಕಡೆ ಆನೆಗಳ ಓಡಾಟವಿರುತ್ತದೆ. ಸೈಕಲ್ ಸದ್ದಿಲ್ಲದೆ ವೇಗವಾಗಿ ಸಾಗುವ ವಾಹನವಾದ್ದರಿಂದ ಪ್ರಾಣಿ ಹಾಗೂ ಸವಾರ ಪರಸ್ಪರ ಅರಿಯದೆ ಹತ್ತಿರಕ್ಕೆ ಬಂದುಬಿಡುವ ಅಪಾಯ ನಡೆಯುವವರಿಗಿಂತ ಹೆಚ್ಚು. ಸೂರ್ಯೋದಯಕ್ಕೆ ಮೊದಲು ಮತ್ತು ಸಂಜೆಗತ್ತಲಲ್ಲಿ ಸವಾರಿ ಕೂಡದು. ಮರೆಯಾದ ತಿರುವಿನಲ್ಲಿ ಗಂಟೆ ಬಾರಿಸಬೇಕು. ಬಂಡೆಯ ಮೇಲೆ ಹೆಜ್ಜೇನು ಕಟ್ಟಿರುವುದು ಕಂಡರೆ ಆ ಭಾಗವನ್ನು ಸದ್ದು, ಹೊಗೆ, ಸುಗಂಧ ಯಾವುದೂ ಇಲ್ಲದೆ ದೂರದಿಂದಲೇ ಬಳಸಿ ಹೋಗಬೇಕು.

ಒಂಟಿಯಾಗಿ ಹೋಗಬಾರದು, ಮೂವರಿದ್ದರೆ ಒಬ್ಬರು ಗಾಯಾಳುವಿನ ಬಳಿ ಉಳಿದು ಮತ್ತೊಬ್ಬರು ನೆರವಿಗೆ ಹೋಗಬಹುದು. ತಲೆಗೆ ಪೆಟ್ಟು ಬಿದ್ದವರಿಗೆ ಕ್ಷಣಕಾಲ ಪ್ರಜ್ಞೆ ತಪ್ಪಿದ್ದರೆ, ವಾಂತಿ, ತಲೆಸುತ್ತು, ಬಿದ್ದದ್ದು ನೆನಪಿಲ್ಲದಿರುವುದು ಕಂಡುಬಂದರೆ, ಅವರು ಚೆನ್ನಾಗಿದ್ದೇನೆ ಎಂದರೂ ಮತ್ತೆ ಸೈಕಲ್ ಹತ್ತಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾದ ಶಂಕೆಯಿದ್ದಲ್ಲಿ ಗಾಯಾಳುವನ್ನು ಎತ್ತಿ ಕೂರಿಸಬಾರದು, ಹೆಲ್ಮೆಟ್ ಎಳೆಯಬಾರದು. ಹಾವು ಕಚ್ಚಿದಲ್ಲಿ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಆ ಅಂಗವನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಸಾಗಿಸತಕ್ಕದ್ದು.

ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗೆ 108 ಹಾಗೂ ಅರಣ್ಯ ಸಹಾಯವಾಣಿಗೆ 1926 ಸಂಖ್ಯೆಗೆ ಕರೆ ಮಾಡಬಹುದು. ಕಣಿವೆಗಳಲ್ಲಿ ಮೊಬೈಲ್ ಸಂಪರ್ಕ ಸಿಗದ ಕಡೆ ಇರುವುದರಿಂದ, ಹೊರಡುವ ಮುನ್ನ ಯಾವ ಜಾಡು, ಎಷ್ಟು ಗಂಟೆಗೆ ವಾಪಸು ಎಂಬುದನ್ನು ಮನೆಯವರಿಗೆ ಬರೆದು ತಿಳಿಸಿರಬೇಕು.