ಕೆಲಸದ ಬೆನ್ನಿಗೆ ಮನೆ: ಕಿಲ್ಬರ್ನ್ ಹೇಳುವ ವಲಸೆಯ ಚರಿತ್ರೆ



ಪ್ರಧಾನ ಭಾಷಣವೆಂದರೆ ಭಾಷೆ, ಸಂಸ್ಕೃತಿ, ಪರಂಪರೆ ಎಂದು ದೊಡ್ಡ ಮಾತುಗಳಿಂದ ಶುರುವಾಗುವುದು ವಾಡಿಕೆ. ನಾನು ಅದಕ್ಕಿಂತ ಸಣ್ಣದಾಗಿ ಕಾಣುವ ಎರಡು ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇನೆ. ಹೊಸ ಊರಿಗೆ ಬಂದವನಿಗೆ ಕೆಲಸ ಎಲ್ಲಿ ಸಿಗುತ್ತದೆ? ರಾತ್ರಿ ಮಲಗಲು ಸೂರು ಎಲ್ಲಿ ಸಿಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆಯೇ ಭಾಷೆಯೂ ಸಂಸ್ಕೃತಿಯೂ ಕಾಲೂರುವುದು. ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಅಡಿಲೇಡ್ ನಗರದಿಂದ ಉತ್ತರಕ್ಕೆ, ಗಾಲರ್ ಕಡೆ ಹೋಗುವ ರೈಲಿನಲ್ಲಿ ಕೂತರೆ ಕೆಲವೇ ನಿಲ್ದಾಣಗಳ ನಂತರ ಕಿಲ್ಬರ್ನ್ ಸಿಗುತ್ತದೆ. ನಮ್ಮಲ್ಲಿ ಹಲವರು ಅಲ್ಲಿಗೆ ಹೋಗುವುದು ಕಾಸ್ಟ್‌ಕೋದಲ್ಲಿ ಅಕ್ಕಿ, ಎಣ್ಣೆ ತರುವುದಕ್ಕೆ. ಆ ಅಂಗಡಿ ನಿಂತಿರುವ ನೆಲಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ.

ಕಾರ್ಖಾನೆಯ ಊರು

ಚರ್ಚಿಲ್ ರಸ್ತೆಯ ಪಕ್ಕದ ಆ ವಿಶಾಲ ಜಾಗ ಇಸ್ಲಿಂಗ್ಟನ್ ರೈಲ್ವೆ ಕಾರ್ಖಾನೆಯದು. 1883ರಲ್ಲಿ ಕೆಲಸ ಆರಂಭಿಸಿದ ಈ ಕಾರ್ಖಾನೆಯಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಎಂಜಿನ್‌ಗಳು, ಬೋಗಿಗಳು ತಯಾರಾದವು, ದುರಸ್ತಿಯಾದವು. ಕನ್ನಡಿಗರಿಗೆ ಇಲ್ಲೊಂದು ಹೋಲಿಕೆ ಥಟ್ಟನೆ ಹೊಳೆಯಬೇಕು. ಹೆಚ್ಚುಕಡಿಮೆ ಇದೇ ಹೊತ್ತಿಗೆ, 1880ರ ದಶಕದ ನಡುವೆ, ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿಯಲ್ಲಿ ತಮ್ಮ ಕಾರ್ಖಾನೆ ತೆರೆದರು. ಒಂದೇ ಸಾಮ್ರಾಜ್ಯ, ಒಂದೇ ಉಗಿಯಂತ್ರ. ಎರಡೂ ಕಡೆ ಕಾರ್ಖಾನೆಯ ಭೋಂಗಾ ಕೂಗಿದರೆ ಊರಿಗೆ ಹೊತ್ತು ಗೊತ್ತಾಗುತ್ತಿತ್ತು.

1922ರಲ್ಲಿ ವಿಲಿಯಂ ವೆಬ್ ಎಂಬ ಅಮೆರಿಕದವರು ಇಲ್ಲಿನ ರೈಲ್ವೆಯ ಮುಖ್ಯ ಆಯುಕ್ತರಾಗಿ ಬಂದರು. ಅವರ ಕಾಲದಲ್ಲಿ ಇಸ್ಲಿಂಗ್ಟನ್ ಹೊಸದಾಗಿ ಕಟ್ಟಲ್ಪಟ್ಟು ಬಹಳ ದೊಡ್ಡದಾಯಿತು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿಯೇ ಬೋಫೋರ್ಟ್ ಬಾಂಬರ್ ವಿಮಾನಗಳ ಭಾಗಗಳು ತಯಾರಾದವು. ಸಾವಿರಾರು ಜನ ದುಡಿದರು, ಹೆಂಗಸರೂ ಯಂತ್ರಗಳ ಮುಂದೆ ನಿಂತರು. ಅತ್ತ ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್ ಶುರುವಾಗಿ ಯುದ್ಧವಿಮಾನಗಳ ದುರಸ್ತಿ ನಡೆಯುತ್ತಿತ್ತು. ಕಿಲ್ಬರ್ನ್‌ಗೆ ಮೊದಲು ಚಿಕಾಗೊ ಎಂಬ ಹೆಸರಿತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಹೆಸರು ಏನೇ ಇರಲಿ, ಊರು ಬೆಳೆದದ್ದು ಕೆಲಸದ ಸುತ್ತ. ನಡೆದು ಹೋಗುವಷ್ಟು ದೂರದಲ್ಲಿ ಕಾರ್ಖಾನೆಯಿತ್ತು, ಅದಕ್ಕಾಗಿ ಜನ ಬಂದರು. ಜನ ಬಂದದ್ದರಿಂದ ಮನೆಗಳು ಬೇಕಾದವು.

ಸರ್ಕಾರ ಮನೆ ಕಟ್ಟಿದ ಕಾಲ

1930ರ ದಶಕದ ಮಹಾ ಕುಸಿತ ಈ ರಾಜ್ಯವನ್ನು ಬಹಳ ಕೆಟ್ಟದಾಗಿ ಹೊಡೆಯಿತು. ಕೆಲಸ ಕಳೆದುಕೊಂಡು, ಬಾಡಿಗೆ ಕಟ್ಟಲಾಗದವರು ಟಾರೆನ್ಸ್ ನದಿಯ ದಂಡೆಯಲ್ಲಿ ಬಿಡಾರ ಹೂಡಿದ್ದರು. ಆ ಅನುಭವದ ನಂತರ, 1936ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹೌಸಿಂಗ್ ಟ್ರಸ್ಟ್ ಸ್ಥಾಪನೆಯಾಯಿತು. ಇದು ಬರೀ ದಯೆಯಿಂದ ಹುಟ್ಟಿದ್ದಲ್ಲ. ಅದರ ಹಿಂದಿದ್ದವರಲ್ಲಿ ರಾಜ್ಯದ ಆಡಿಟರ್ ಜನರಲ್ ಆಗಿದ್ದ ವೈನ್‌ರೈಟ್ ಮುಖ್ಯರು. ಅವರ ಲೆಕ್ಕ ಸರಳವಾಗಿತ್ತು. ಬಾಡಿಗೆ ಕಡಿಮೆಯಿದ್ದರೆ ಕಾರ್ಮಿಕ ಕಡಿಮೆ ಸಂಬಳದಲ್ಲೂ ಬದುಕಬಲ್ಲ. ಸಂಬಳದ ಖರ್ಚು ಕಡಿಮೆಯಿದ್ದರೆ ಕಾರ್ಖಾನೆಗಳು ಮೆಲ್ಬರ್ನ್, ಸಿಡ್ನಿ ಬಿಟ್ಟು ಇಲ್ಲಿಗೆ ಬರುತ್ತವೆ. ಮನೆಯನ್ನು ಕೈಗಾರಿಕಾ ನೀತಿಯ ಭಾಗವೆಂದು ನೋಡಿದ ದೃಷ್ಟಿ ಅದು.

ಒಂದು ಗೋಡೆಯನ್ನು ಹಂಚಿಕೊಂಡು ನಿಂತ ಜೋಡಿ ಮನೆಗಳು ಟ್ರಸ್ಟಿನ ಗುರುತಾದವು. ಕಿಲ್ಬರ್ನ್ ಸುತ್ತಲಿನ ಬೀದಿಗಳಲ್ಲೂ ಅಂಥ ಮನೆಗಳು ಎದ್ದವು. ಮುಂದೆ 1955ರಲ್ಲಿ ಎಲಿಜಬೆತ್ ಎಂಬ ಇಡೀ ಪಟ್ಟಣವನ್ನೇ ಟ್ರಸ್ಟ್ ಕಟ್ಟಿತು. ಅದರ ಪಕ್ಕಕ್ಕೆ ಹೋಲ್ಡನ್ ಕಾರು ಕಾರ್ಖಾನೆ ಬಂತು.

ನಮ್ಮ ಕಡೆಯೂ ಇದೇ ಯೋಚನೆ ನಡೆದಿತ್ತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಜೊತೆಗೆ ಕ್ವಾರ್ಟರ್ಸ್ ಬಂದವು. ಬೆಂಗಳೂರಿನಲ್ಲಿ 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಇಂದಿನ ಬಿಡಿಎ ಅದರ ಉತ್ತರಾಧಿಕಾರಿ. ರಾಜಾಜಿನಗರವನ್ನು ಯೋಜಿಸಿದ್ದೇ ಕೈಗಾರಿಕಾ ಉಪನಗರವೆಂದು. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಅಡಿಲೇಡಿನ ಟ್ರಸ್ಟ್ ಮುಖ್ಯವಾಗಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿತು. ಬೆಂಗಳೂರಿನ ಬೋರ್ಡ್ ಮುಖ್ಯವಾಗಿ ಸೈಟು ಹಂಚಿತು. ಸೈಟಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ತಂದೆತಾಯಿಯರ ಮಕ್ಕಳು ಈ ಸಭೆಯಲ್ಲೇ ಬೇಕಾದಷ್ಟು ಮಂದಿ ಇದ್ದೀರಿ. 'ಮನೆ ಕಟ್ಟಿ ನೋಡು' ಎಂಬ ಗಾದೆಯ ಭಾರ ನಿಮಗೆ ಹೇಳಿಕೊಡಬೇಕಾಗಿಲ್ಲ.

ಕೆಲಸವೂ ಸೂರೂ ಒಟ್ಟಿಗೆ, ಒಂದು ಷರತ್ತಿನ ಮೇಲೆ

ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾ ದೊಡ್ಡ ಪ್ರಮಾಣದಲ್ಲಿ ವಲಸಿಗರನ್ನು ಕರೆಯಿತು. 1947ರಿಂದ ಯುರೋಪಿನ ನಿರಾಶ್ರಿತರು ಹಡಗುಗಳಲ್ಲಿ ಬಂದರು: ಬಾಲ್ಟಿಕ್ ದೇಶದವರು, ಪೋಲೆಂಡಿನವರು, ಉಕ್ರೇನಿನವರು. ಅವರೊಂದಿಗಿನ ಕರಾರು ಸ್ಪಷ್ಟವಾಗಿತ್ತು. ಮೊದಲ ಎರಡು ವರ್ಷ ಸರ್ಕಾರ ಹೇಳಿದ ಕಡೆ, ಹೇಳಿದ ಕೆಲಸ ಮಾಡಬೇಕು. ಓದಿದವರೂ ಸೇರಿ ಗಂಡಸರು ಕೂಲಿಗಾರರೆಂದು, ಹೆಂಗಸರು ಮನೆಗೆಲಸದವರೆಂದು ದಾಖಲಾದರು. ವೈದ್ಯರು ಆಸ್ಪತ್ರೆಯಲ್ಲಿ ನೆಲ ಒರೆಸಿದರು, ಎಂಜಿನಿಯರುಗಳು ಹಳಿಗಳ ಮೇಲೆ ಗುದ್ದಲಿ ಹಿಡಿದರು.

ವಸತಿಗೆ ಹಾಸ್ಟೆಲುಗಳಿದ್ದವು. ಕಿಲ್ಬರ್ನ್‌ನ ಮಗ್ಗುಲಿನ ಗೆಪ್ಸ್ ಕ್ರಾಸ್‌ನಲ್ಲಿ ಒಂದು, ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದ ಫಿನ್ಸ್‌ಬರಿಯಲ್ಲಿ ಇನ್ನೊಂದು. ಬೇಸಿಗೆಯಲ್ಲಿ ಕಾದ ಹೆಂಚಾಗುವ ತಗಡಿನ ಶೆಡ್ಡುಗಳು, ಸಾಮೂಹಿಕ ಊಟದ ಹಾಲ್, ಸಾಮೂಹಿಕ ಬಚ್ಚಲು. ಸ್ವಂತ ಅಡುಗೆಮನೆ ಇಲ್ಲದಿರುವುದು ಎಷ್ಟು ದೊಡ್ಡ ಕೊರತೆಯೆಂದು ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಬೇಕಿಲ್ಲ. 1950ರ ದಶಕದ ಆರಂಭದಲ್ಲಿ ಹಾಸ್ಟೆಲ್ ಶುಲ್ಕ ಏರಿಸಿದಾಗ ಬ್ರಿಟನ್ನಿನಿಂದ ಬಂದವರೇ ಕೊಡುವುದಿಲ್ಲವೆಂದು ಪ್ರತಿಭಟಿಸಿದರು. ಆದರೂ ಒಂದು ಮಾತು ಒಪ್ಪಬೇಕು: ಹಡಗಿನಿಂದ ಇಳಿದವನಿಗೆ ಆ ರಾತ್ರಿ ಎಲ್ಲಿ ಮಲಗುವುದು, ಮರುವಾರ ಎಲ್ಲಿ ದುಡಿಯುವುದು ಎಂಬ ಚಿಂತೆಯಿರಲಿಲ್ಲ. ಅದಕ್ಕೆ ಬೆಲೆಯಾಗಿ ಅವನು ಕೊಟ್ಟದ್ದು ತನ್ನ ಆಯ್ಕೆಯನ್ನು.

ಕೆಲಸಕ್ಕೆ ಕಟ್ಟಿಹಾಕಿದ ಮನೆಯ ಅಪಾಯವನ್ನು ನಾವು ಕೋಲಾರದ ಚಿನ್ನದ ಗಣಿಯಲ್ಲಿ ನೋಡಿದ್ದೇವೆ. ಗಣಿಯ ಸಾಲುಮನೆಗಳಲ್ಲಿ ಮೂರು ನಾಲ್ಕು ತಲೆಮಾರು ಬಾಳಿತು. 2001ರಲ್ಲಿ ಗಣಿ ಮುಚ್ಚಿದಾಗ ಸಂಬಳದ ಜೊತೆಗೆ ಕಾಲ ಕೆಳಗಿನ ನೆಲವೂ ಅಲುಗಾಡಿತು. ಒಡೆಯನೂ ಮನೆಯ ಮಾಲೀಕನೂ ಒಬ್ಬನೇ ಆದರೆ ಒಂದು ಕಳೆದುಕೊಂಡವನು ಎರಡನ್ನೂ ಕಳೆದುಕೊಳ್ಳುತ್ತಾನೆ.

ಆಗ ನಾವು ಎಲ್ಲಿದ್ದೆವು?

ಈ ಕಥೆಯಲ್ಲಿ ಕನ್ನಡಿಗ ಯಾಕಿಲ್ಲ ಎಂದು ಕೇಳಬಹುದು. 1901ರ ವಲಸೆ ನಿರ್ಬಂಧ ಕಾಯ್ದೆ ನಮ್ಮನ್ನು ಬಾಗಿಲಲ್ಲೇ ತಡೆದಿತ್ತು. ಅಧಿಕಾರಿ ಯಾವುದೋ ಯುರೋಪಿನ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು, ಬರೆಯಲಾಗದವನನ್ನು ವಾಪಸು ಕಳಿಸುವ ಪದ್ಧತಿ 1958ರವರೆಗೂ ಇತ್ತು. 1966ರಲ್ಲಿ ನಿಯಮ ಸಡಿಲವಾಯಿತು, 1973ರಲ್ಲಿ ವಿಟ್ಲಮ್ ಸರ್ಕಾರ ಬಿಳಿಯರ ಆಸ್ಟ್ರೇಲಿಯಾ ನೀತಿಯ ಉಳಿಕೆಗಳನ್ನೂ ತೆಗೆದುಹಾಕಿತು, 1975ರಲ್ಲಿ ಜನಾಂಗ ತಾರತಮ್ಯದ ವಿರುದ್ಧ ಕಾನೂನು ಬಂತು. ನಮಗೆ ಬಾಗಿಲು ತೆರೆಯುವ ಹೊತ್ತಿಗೆ ಒಳಗಿನ ವ್ಯವಸ್ಥೆ ಬದಲಾಗತೊಡಗಿತ್ತು. ಅದೇ 1975ರಲ್ಲಿ ನಗರದ ಹೊರಗಿನ ರೈಲ್ವೆಯನ್ನು ರಾಜ್ಯವು ಒಕ್ಕೂಟ ಸರ್ಕಾರಕ್ಕೆ ಒಪ್ಪಿಸುವ ಒಪ್ಪಂದವಾಯಿತು. ಇಸ್ಲಿಂಗ್ಟನ್ ಕ್ರಮೇಣ ಕುಗ್ಗಿತು. ಫಿನ್ಸ್‌ಬರಿಯ ಹಾಸ್ಟೆಲು ಪೆನಿಂಗ್ಟನ್ ಎಂಬ ಹೆಸರಿನಲ್ಲಿ ವಿಯೆಟ್ನಾಮಿನ ನಿರಾಶ್ರಿತರಿಗೆ ಆಶ್ರಯ ಕೊಟ್ಟು 1985ರಲ್ಲಿ ಮುಚ್ಚಿತು. ಹೋಲ್ಡನ್ 2017ರ ಅಕ್ಟೋಬರಿನಲ್ಲಿ ಕೊನೆಯ ಕಾರು ಹೊರಗೆ ಕಳಿಸಿತು.

ಹೀಗಾಗಿ ನಮ್ಮದು ಬೇರೆ ಬಗೆಯ ವಲಸೆ. ವಯಸ್ಸು, ಓದು, ಅನುಭವ, ಇಂಗ್ಲಿಷ್ ಎಲ್ಲಕ್ಕೂ ಅಂಕ ಕೂಡಿಸಿ ವೀಸಾ ಕೊಡುತ್ತಾರೆ. ವಲಸೆಯ ನಿಯಮದಲ್ಲಿ ಅಡಿಲೇಡ್ ಪ್ರಾದೇಶಿಕ ಪ್ರದೇಶವೆಂದು ಲೆಕ್ಕವಾಗುವುದರಿಂದ ಹೆಚ್ಚಿನ ಅಂಕಕ್ಕಾಗಿಯೂ ಹಲವರು ಇಲ್ಲಿಗೆ ಬರುತ್ತಾರೆ; 2019ರ ನವೆಂಬರಿನಿಂದ ಪರ್ತ್ ಕೂಡ ಆ ಪಟ್ಟಿಯಲ್ಲಿದೆ, ಬ್ರಿಸ್ಬೇನ್ ಇಲ್ಲ. ಆದರೆ ವಿಮಾನದಿಂದ ಇಳಿದ ಮೇಲೆ ಕೆಲಸವೂ ನಮ್ಮದೇ ಹೊಣೆ, ಮನೆಯೂ ನಮ್ಮದೇ ಹೊಣೆ. ಹಿಂದಿನವರಿಗೆ ಆಯ್ಕೆಯಿಲ್ಲದ ಆಸರೆಯಿತ್ತು. ನಮಗೆ ಆಸರೆಯಿಲ್ಲದ ಆಯ್ಕೆ ಸಿಕ್ಕಿದೆ.

ಬಿಡಿಸಲಾಗದ ಗಂಟು

ಇಲ್ಲಿ ಹೊಸಬರಿಗೆ ಎದುರಾಗುವ ಗಂಟು ಎಲ್ಲರಿಗೂ ಗೊತ್ತು. ಮನೆ ಕೇಳಿದರೆ ಏಜೆಂಟ್ ಸಂಬಳದ ಚೀಟಿ ಕೇಳುತ್ತಾನೆ, ಹಿಂದಿನ ಬಾಡಿಗೆಯ ದಾಖಲೆ ಕೇಳುತ್ತಾನೆ. ಕೆಲಸ ಕೇಳಿದರೆ ಸ್ಥಳೀಯ ಅನುಭವ ಕೇಳುತ್ತಾರೆ, ಇಲ್ಲಿಯವರ ರೆಫರೆನ್ಸ್ ಕೇಳುತ್ತಾರೆ. ಎರಡೂ ಕಡೆಯವರಿಗೆ ಬೇಕಾದದ್ದು ಒಂದೇ: 'ನೀವು ನಂಬಿಕಸ್ಥರು ಎಂದು ಹೇಳುವವರು ಯಾರಿದ್ದಾರೆ?' 2022, 2023ರಲ್ಲಿ ಅಡಿಲೇಡಿನಲ್ಲಿ ಖಾಲಿಯಿರುವ ಬಾಡಿಗೆ ಮನೆಗಳ ಪ್ರಮಾಣ ಶೇಕಡಾ 1ಕ್ಕಿಂತ ಕೆಳಗೆ ಇಳಿದಿತ್ತು. ಒಂದು ಮನೆ ನೋಡಲು ಹತ್ತಾರು ಜನ ಸಾಲು ನಿಂತಾಗ, ಆ ಪ್ರಶ್ನೆಗೆ ಉತ್ತರವಿಲ್ಲದವನು ಸಾಲಿನ ಕೊನೆಗೆ ಹೋಗುತ್ತಾನೆ.

ಇಂಥ ಹೊತ್ತಿನಲ್ಲಿ ಊರಿನ ಅಭ್ಯಾಸ ಕೆಲಸಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರು ಇಲ್ಲೂ ಆರು ತಿಂಗಳ ಬಾಡಿಗೆ ಮುಂಗಡ ಕೊಡುತ್ತೇವೆಂದು ಕೈಮುಗಿಯುತ್ತಾರೆ. ಈ ರಾಜ್ಯದ ಕಾನೂನು ಹಾಗೆ ಕೇಳಲು ಮಾಲೀಕರಿಗೆ ಬಿಡುವುದಿಲ್ಲ. ಒಪ್ಪಂದದ ಆರಂಭದಲ್ಲಿ ಎರಡು ವಾರದ ಬಾಡಿಗೆಯಷ್ಟೇ ಮುಂಗಡ ಕೇಳಬಹುದು. ಬಾಂಡ್ ಹಣ ಮಾಲೀಕನ ಜೇಬಿಗೆ ಹೋಗದೆ ಸರ್ಕಾರದ ಇಲಾಖೆಯಲ್ಲಿ ಠೇವಣಿಯಾಗಬೇಕು. ಜಾಹೀರಾತಿನ ಬಾಡಿಗೆಗಿಂತ ಹೆಚ್ಚು ಕೊಡಿ ಎಂದು ಏಜೆಂಟ್ ಹರಾಜು ಹಾಕುವಂತಿಲ್ಲ. 2024ರ ಜುಲೈಯಿಂದ ಕಾರಣವಿಲ್ಲದೆ ಮನೆ ಬಿಡಿಸುವುದಕ್ಕೂ ತಡೆಯಿದೆ. ಇಷ್ಟು ತಿಳಿದಿದ್ದರೆ ಹೊಸಬರ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ.

ಮುಂಬಯಿಯ ಪಾಠ

ಈ ಗಂಟನ್ನು ಬಿಡಿಸಿದ ಕನ್ನಡಿಗರು ನಮಗಿಂತ ನೂರು ವರ್ಷ ಹಿಂದೆಯೇ ಇದ್ದರು. ಕರಾವಳಿಯಿಂದ ಮುಂಬಯಿಗೆ ಹೋದ ಹುಡುಗರ ಕೈಯಲ್ಲಿ ಪದವಿಯೂ ಇರಲಿಲ್ಲ, ಅಂಕವೂ ಇರಲಿಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ, ರಾತ್ರಿ ಅದೇ ಹೋಟೆಲಿನ ಬೆಂಚಿನ ಮೇಲೆ ನಿದ್ದೆ. ಕೆಲಸ ಕೊಡಿಸಿದ್ದು ಊರವನೊಬ್ಬನ ಮಾತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಹಗಲು ದುಡಿಯುವ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳು ನಡೆದವು. ಲೋಟ ತೊಳೆದವರು ಅಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು, ಹೋಟೆಲ್ ಮಾಲೀಕರಾದರು. ಅಲ್ಲಿ ಸಂಘವೆಂದರೆ ಮೊದಲು ಆಸರೆ. ಯಕ್ಷಗಾನ, ನಾಟಕ ಅದರ ಹೆಗಲ ಮೇಲೆ ನಿಂತವು.

ನಾವು ಆ ಕ್ರಮವನ್ನು ತಿರುಗಾಮುರುಗಾ ಮಾಡಿಕೊಂಡಿದ್ದೇವೆಯೇ ಎಂಬುದು ನನ್ನ ಇಂದಿನ ಪ್ರಶ್ನೆ. ಯುಗಾದಿ, ರಾಜ್ಯೋತ್ಸವಗಳನ್ನು ನಾವು ಚೆನ್ನಾಗಿ ನಡೆಸುತ್ತೇವೆ. ಹೋದ ತಿಂಗಳು ಬಂದಿಳಿದ ದಂಪತಿ ಆ ಕಾರ್ಯಕ್ರಮಕ್ಕೆ ಬಂದು ಬಿಸಿಬೇಳೆಬಾತ್ ಉಂಡು, ಯಾರಿಗೂ ತಮ್ಮ ಕಷ್ಟ ಹೇಳಿಕೊಳ್ಳದೆ ಮನೆಗೆ ಹೋದರೆ, ಆ ಮನೆಯೂ ತಿಂಗಳ ಕೊನೆಗೆ ಬಿಡಬೇಕಾದದ್ದಾದರೆ, ನಮ್ಮ ಉತ್ಸವ ಅರ್ಧವೇ ಆಯಿತು.

ಆದ್ದರಿಂದ ಮೂರು ಸಣ್ಣ ಸಲಹೆಗಳು. ಮೊದಲನೆಯದು, ಪ್ರತಿ ಸಂಘದಲ್ಲಿ ಇಬ್ಬರು ಮೂವರು ಹೊಸಬರನ್ನು ಖುದ್ದಾಗಿ ಭೇಟಿಯಾಗಿ, ಪರಿಚಯವಾದ ಮೇಲೆ ಪ್ರಾಮಾಣಿಕವಾದ ಪರಿಚಯಪತ್ರ ಬರೆದುಕೊಡಲಿ. ಎರಡನೆಯದು, ಎಂಜಿನಿಯರ್, ನರ್ಸ್, ಶಿಕ್ಷಕರು ಹೀಗೆ ವೃತ್ತಿವಾರು ಹಿರಿಯರ ಪಟ್ಟಿಯಿರಲಿ. ನೋಂದಣಿಗೆ ಯಾವ ಸಂಸ್ಥೆ, ಯಾವ ಪರೀಕ್ಷೆ ಎಂದು ಹೊರಡುವ ಮೊದಲೇ ಹೇಳಬಲ್ಲವರು. ಮೂರನೆಯದು, ಕೋಣೆ ಖಾಲಿಯಿರುವ ಕುಟುಂಬಗಳು ಮೊದಲ ನಾಲ್ಕು ವಾರಕ್ಕೆ ನ್ಯಾಯವಾದ ಬಾಡಿಗೆಗೆ, ಬರವಣಿಗೆಯ ಒಪ್ಪಂದದೊಂದಿಗೆ ಕೊಡಲಿ. ಬರವಣಿಗೆ ಯಾಕೆಂದರೆ ನಮ್ಮವರೇ ನಮ್ಮವರ ಅಸಹಾಯಕತೆಯಿಂದ ಲಾಭ ಮಾಡಿಕೊಳ್ಳುವುದು ಎಲ್ಲ ವಲಸಿಗರ ಚರಿತ್ರೆಯಲ್ಲೂ ಇದೆ. ಕೆಲಸ ಕೊಟ್ಟವರೇ ಮನೆಯನ್ನೂ ಕೊಡುವ ಕೋಲಾರದ ತಪ್ಪು ಇಲ್ಲಿ ಆಗಬಾರದು.

ಕಿಲ್ಬರ್ನ್‌ನ ಹಳೆಯ ಜೋಡಿ ಮನೆಗಳನ್ನು ಒಂದೊಂದಾಗಿ ಕೆಡವಿ ಹೊಸ ಟೌನ್‌ಹೌಸ್‌ಗಳನ್ನು ಕಟ್ಟುತ್ತಿದ್ದಾರೆ. ಉಳಿದಿರುವ ಒಂದೆರಡರ ಮುಂದೆ ಮುಂದಿನ ಸಲ ಹಾದುಹೋಗುವಾಗ ಒಂದು ನಿಮಿಷ ನಿಂತು ನೋಡಿ. ಒಂದೇ ಗೋಡೆಗೆ ಆನಿಕೊಂಡು ಎರಡು ಸಂಸಾರ ನಿಲ್ಲಬಹುದು, ಇಬ್ಬರಿಗೂ ಬೇರೆ ಬೇರೆ ಬಾಗಿಲು ಇರಬಹುದು. ಸಂಘವೆಂದರೆ ಆ ನಡುವಿನ ಗೋಡೆಯಂತಿರಲಿ ಎಂದು ಹಾರೈಸುತ್ತೇನೆ.

 ಸಿರಿಗನ್ನಡಂ ಗೆಲ್ಗೆ.