ಸವನ್ನಾದ ವನ್ಯಜೀವಿಗಳು: ಬಯಲೇ ರೂಪಿಸಿದ ಬದುಕು

ಹುಲ್ಲೇ ಪ್ರಧಾನವಾಗಿದ್ದು, ಅಲ್ಲಲ್ಲಿ ಮರಗಳು ಚದುರಿ ನಿಂತ ವಿಶಾಲ ಬಯಲಿಗೆ ಸವನ್ನಾ ಎಂದು ಹೆಸರು. ಆಫ್ರಿಕಾ ಖಂಡದ ಹೆಚ್ಚುಕಡಿಮೆ ಅರ್ಧ ಭಾಗವನ್ನು ಇಂಥ ಬಯಲೇ ಆವರಿಸಿದೆ. ಅಲ್ಲಿನ ಸಿಂಹ, ಆನೆ, ಜಿರಾಫೆ, ಜೀಬ್ರಾ, ಚೀತಾಗಳು ಕಿರುತೆರೆಯ ಮೂಲಕ ಕನ್ನಡಿಗರ ಮನೆಮನೆಗೂ ಪರಿಚಿತವಾಗಿವೆ. 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯದಲ್ಲಿ ಜಿರಾಫೆ, ಜೀಬ್ರಾಗಳನ್ನು ಕಣ್ಣಾರೆ ನೋಡಿದವರೂ ಅನೇಕರು. ಆದರೆ ಈ ಪ್ರಾಣಿಗಳು ಗುಂಪು ಕಟ್ಟುವುದೇಕೆ, ನೂರಾರು ಮೈಲಿ ಅಲೆಯುವುದೇಕೆ, ಆ ಪರಿ ಓಡುವುದೇಕೆ ಎಂಬ ಪ್ರಶ್ನೆಗಳಿಗೆ ಮೃಗಾಲಯದ ಆವರಣದೊಳಗೆ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ಅವು ವಿಕಾಸಗೊಂಡ ಬಯಲಿನಲ್ಲಿ.

ಅಂಥ ಬಯಲು ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಮೇಲಿರುವ ಚಿಕ್ಕಜಾಲದಿಂದ ಪಶ್ಚಿಮಕ್ಕೆ ನೇರ ಹಾದಿಯಲ್ಲಿ ಸುಮಾರು 15 ಕಿಲೋಮೀಟರ್ ದೂರದಲ್ಲಿ ಹೆಸರಘಟ್ಟದ ಹುಲ್ಲುಗಾವಲು ಇದೆ. ತುಮಕೂರು, ಚಿತ್ರದುರ್ಗ, ಹಾವೇರಿ, ಕೊಪ್ಪಳ ಜಿಲ್ಲೆಗಳಲ್ಲಿ ಇಂಥ ಬಯಲುಗಳ ತುಣುಕುಗಳು ಇನ್ನೂ ಉಳಿದಿವೆ. ಆಫ್ರಿಕಾದ ಸವನ್ನಾದಲ್ಲಿ ನಡೆಯುವ ಬದುಕಿನ ನಿಯಮಗಳು ಈ ಬಯಲುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ಮಳೆ, ಬೆಂಕಿ, ಮೇವು

ಮರಗಳನ್ನು ಕಡಿದಿದ್ದರಿಂದ ಹುಲ್ಲುಗಾವಲು ಉಂಟಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಎಲ್ಲ ಸಂದರ್ಭಗಳಲ್ಲೂ ಇದು ನಿಜವಲ್ಲ. ಮಹೇಶ್ ಶಂಕರನ್ ಮತ್ತು ಸಹೋದ್ಯೋಗಿಗಳು ಆಫ್ರಿಕಾದ ಸವನ್ನಾಗಳನ್ನು ಕುರಿತು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ವರ್ಷಕ್ಕೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಕಡೆ ಮರಗಳು ದಟ್ಟವಾಗದಂತೆ ನೀರಿನ ಕೊರತೆಯೇ ತಡೆಯುತ್ತದೆ. ಅದಕ್ಕಿಂತ ಹೆಚ್ಚು ಮಳೆ ಬೀಳುವ ಕಡೆ ಬೆಂಕಿ ಹಾಗೂ ಮೇಯುವ ಪ್ರಾಣಿಗಳು ಬಯಲನ್ನು ಬಯಲಾಗಿ ಉಳಿಸುತ್ತವೆ. ಹುಲ್ಲಿನ ಬೆಳವಣಿಗೆಯ ಮೊಗ್ಗು ನೆಲಮಟ್ಟದಲ್ಲೇ ಇರುವುದರಿಂದ ಮೇಯ್ದರೂ, ಸುಟ್ಟರೂ ಅದು ಮತ್ತೆ ಚಿಗುರುತ್ತದೆ. ಎಳೆಯ ಗಿಡಗಳಿಗೆ ಆ ಅನುಕೂಲವಿಲ್ಲ.

ಶಂಕರನ್ ಅವರು ಇಂದು ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವ ವಿಜ್ಞಾನ ಕೇಂದ್ರದ ವಿಜ್ಞಾನಿ. ಇದೇ ಕೇಂದ್ರದ ಜಯಶ್ರೀ ರತ್ನಂ ಹಾಗೂ ಶಂಕರನ್ ಅವರು ವಿದೇಶಿ ವಿಜ್ಞಾನಿಗಳೊಡನೆ 2011ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನವು, ಕಾಡು ಎಂದು ಕರೆಯಲಾಗುವ ಅನೇಕ ಪ್ರದೇಶಗಳು ನಿಜಕ್ಕೂ ಸವನ್ನಾಗಳೇ ಎಂಬ ಪ್ರಶ್ನೆಯನ್ನು ಎತ್ತಿತು. ನೆಲ ಹುಲ್ಲಿನಿಂದ ಮುಚ್ಚಿದ್ದರೆ ಅಲ್ಲಿನ ಜೀವವ್ಯವಸ್ಥೆಯೇ ಬೇರೆ. ಅದನ್ನು ಹಾಳಾದ ಕಾಡೆಂದು ಭಾವಿಸಿ ಸಸಿ ನೆಡುವುದು ಉಪಕಾರವಾಗದೆ ಅಪಕಾರವಾಗಬಹುದು.

ಮಳೆಯ ಬೆನ್ನು ಹತ್ತುವ ಹಿಂಡು

ಟಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಸಾಯಿ ಮಾರಾ ಸೇರಿದ ಬಯಲಿನಲ್ಲಿ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಅವುಗಳೊಡನೆ ಲಕ್ಷಗಟ್ಟಲೆ ಜೀಬ್ರಾ ಮತ್ತು ಗಸೆಲ್ ಜಿಂಕೆಗಳು ವರ್ಷವಿಡೀ ಸಂಚರಿಸುತ್ತವೆ. ಎಳೆಹುಲ್ಲು ಎಲ್ಲಿ ಚಿಗುರುತ್ತದೋ ಅಲ್ಲಿಗೆ ಹೋಗುವುದೇ ಈ ವಲಸೆಯ ಗುಟ್ಟು. ಫೆಬ್ರುವರಿಯ ಆಸುಪಾಸಿನಲ್ಲಿ ಹಿಂಡು ದಕ್ಷಿಣದ ಕಿರುಹುಲ್ಲಿನ ಬಯಲಿನಲ್ಲಿರುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳುಗಳಲ್ಲಿ ಉತ್ತರದ ಮಾರಾ ನದಿಯ ಕಡೆಗೆ ಸರಿಯುತ್ತದೆ. ನದಿ ದಾಟುವಾಗ ಮೊಸಳೆಗೆ ಬಲಿಯಾಗುವುದಕ್ಕಿಂತ ಮುಳುಗಿ ಸಾಯುವ ವೈಲ್ಡ್‌ಬೀಸ್ಟ್‌ಗಳೇ ಹೆಚ್ಚು. ಹೀಗೆ ಮುಳುಗಿ ಸಾಯುವವು ವರ್ಷಕ್ಕೆ ಸರಾಸರಿ 6,250 ಎಂದು 2017ರ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಕಳೇಬರಗಳು ರಣಹದ್ದುಗಳಿಗೂ, ನದಿಯ ಮೀನುಗಳಿಗೂ ಆಹಾರವಾಗುತ್ತವೆ.

ಒಂದೇ ಬಯಲಿನಲ್ಲಿ ಮೇಯುವ ಈ ಪ್ರಾಣಿಗಳ ನಡುವೆ ಒಂದು ಬಗೆಯ ಸರದಿಯೂ ಉಂಟು. ಜೀಬ್ರಾ ಎತ್ತರದ ಒರಟು ಹುಲ್ಲನ್ನು ತಿನ್ನಬಲ್ಲದು. ಅದು ಮೇಯ್ದ ನಂತರ ಕೆಳಗಿನ ಎಲೆಭಾಗ ಮೆಲುಕು ಹಾಕುವ ವೈಲ್ಡ್‌ಬೀಸ್ಟ್‌ಗೆ ಸಿಗುತ್ತದೆ. ಅದರ ಬಳಿಕ ಚಿಗುರುವ ಕಿರುಹುಲ್ಲು ಥಾಮ್ಸನ್ ಗಸೆಲ್‌ನ ಪಾಲು.

ಹೆರಿಗೆಯಲ್ಲೂ ಬಯಲಿನ ಲೆಕ್ಕಾಚಾರ ಕಾಣುತ್ತದೆ. ವೈಲ್ಡ್‌ಬೀಸ್ಟ್‌ನ ಹೆಣ್ಣುಗಳಲ್ಲಿ ಬಹುಪಾಲು ಎರಡು ಮೂರು ವಾರಗಳ ಅವಧಿಯಲ್ಲೇ ಕರು ಹಾಕುತ್ತವೆ. ಒಮ್ಮೆಲೇ ಲಕ್ಷಾಂತರ ಕರುಗಳು ಹುಟ್ಟಿದಾಗ ಬೇಟೆ ಪ್ರಾಣಿಗಳು ಎಷ್ಟು ತಿಂದರೂ ಹೆಚ್ಚಿನವು ಬದುಕುಳಿಯುತ್ತವೆ. ಕರು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ನಿಂತು, ತಾಯಿಯ ಹಿಂದೆ ಓಡಲಾರಂಭಿಸುತ್ತದೆ. ಗಸೆಲ್‌ನ ಮರಿಯ ರೀತಿಯೇ ಬೇರೆ. ಅದು ಮೊದಲ ಕೆಲವು ದಿನ ಹುಲ್ಲಿನಲ್ಲಿ ಅಲುಗಾಡದೆ ಅಡಗಿರುತ್ತದೆ. ತಾಯಿ ಆಗಾಗ ಬಂದು ಹಾಲೂಡಿಸಿ ಹೋಗುತ್ತದೆ. ನಮ್ಮ ಕೃಷ್ಣಮೃಗದ ಮರಿಯೂ ಹೀಗೆಯೇ ಅಡಗುತ್ತದೆ.

ಒಂದು ರೋಗ, ಎರಡು ಖಂಡ

ಸೆರೆಂಗೆಟಿಯ ಈ ಮಹಾಹಿಂಡು ಯಾವಾಗಲೂ ಇಷ್ಟೇ ದೊಡ್ಡದಾಗಿರಲಿಲ್ಲ. ಜಾನುವಾರುಗಳನ್ನು ಕೊಲ್ಲುವ ರಿಂಡರ್‌ಪೆಸ್ಟ್, ಅಂದರೆ ನಮ್ಮ ರೈತರು ದೊಡ್ಡರೋಗ ಎಂದು ಕರೆಯುತ್ತಿದ್ದ ವ್ಯಾಧಿ, 1890ರ ದಶಕದಲ್ಲಿ ಪೂರ್ವ ಆಫ್ರಿಕಾದ ದನಗಳನ್ನೂ ಕಾಡುಪ್ರಾಣಿಗಳನ್ನೂ ನಾಶ ಮಾಡಿತು. ಮುಂದೆ ದನಗಳಿಗೆ ಲಸಿಕೆ ಹಾಕಿದ ಫಲವಾಗಿ ವೈಲ್ಡ್‌ಬೀಸ್ಟ್‌ಗಳಲ್ಲಿಯೂ ರೋಗ ನಿಂತಿತು. 1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದಷ್ಟಿದ್ದ ಅವುಗಳ ಸಂಖ್ಯೆ 1970ರ ದಶಕದ ಕೊನೆಗೆ ಹತ್ತು ಲಕ್ಷವನ್ನು ಮೀರಿತು. ಹುಲ್ಲು ಹೆಚ್ಚು ಮೇಯಲ್ಪಟ್ಟು ಕಾಡ್ಗಿಚ್ಚು ಕಡಿಮೆಯಾಯಿತು, ಮರಗಳು ಮತ್ತೆ ತಲೆಯೆತ್ತಿದವು.

ಇದೇ ರೋಗದ ವಿರುದ್ಧದ ಹೋರಾಟದಲ್ಲಿ ಬೆಂಗಳೂರಿನ ಪಾತ್ರವೂ ಇದೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಆರಂಭವಾದದ್ದೇ ದೊಡ್ಡರೋಗದ ನಿಯಂತ್ರಣಕ್ಕಾಗಿ. 2011ರಲ್ಲಿ ಈ ರೋಗವು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಾಕಿದ ದನ ಮತ್ತು ಕಾಡುಪ್ರಾಣಿಗಳ ಹಣೆಬರಹ ಬಯಲಿನಲ್ಲಿ ಬೇರೆ ಬೇರೆಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಓಟ ಮತ್ತು ಎಚ್ಚರ

ಅಡಗಲು ಪೊದೆಯಿಲ್ಲದ ನೆಲದಲ್ಲಿ ಕಣ್ಣು ಮತ್ತು ಕಾಲುಗಳೇ ರಕ್ಷಣೆ. ಗುಂಪಿನಲ್ಲಿದ್ದರೆ ಕಾಯುವ ಕಣ್ಣುಗಳು ಹೆಚ್ಚು. ಪ್ರತಿಯೊಂದಕ್ಕೂ ಮೇಯಲು ಹೆಚ್ಚು ಸಮಯ ದೊರೆಯುತ್ತದೆ. ಶತ್ರುವನ್ನು ಕಂಡ ಗಸೆಲ್ ಕೆಲವೊಮ್ಮೆ ಓಡುವುದನ್ನು ಬಿಟ್ಟು ನಾಲ್ಕೂ ಕಾಲು ಸೆಟೆದು ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ತಾನು ಸಶಕ್ತ, ಬೆನ್ನಟ್ಟಿ ಫಲವಿಲ್ಲ ಎಂದು ಬೇಟೆಗಾರನಿಗೆ ತಿಳಿಸುವ ಸಂಜ್ಞೆ ಇದೆಂದು ತಜ್ಞರು ವಿವರಿಸುತ್ತಾರೆ. ಜೀಬ್ರಾದ ಪಟ್ಟೆಗಳು ಸಿಂಹದ ಕಣ್ಣು ತಪ್ಪಿಸಲಿಕ್ಕೆ ಎಂಬ ಹಳೆಯ ವಿವರಣೆಗೆ ಈಗ ಹೆಚ್ಚು ಬಲವಿಲ್ಲ. ರಕ್ತ ಹೀರುವ ನೊಣಗಳು ಪಟ್ಟೆಗಳ ಮೇಲೆ ಸರಿಯಾಗಿ ಇಳಿಯಲಾರವು ಎಂಬುದನ್ನು 2019ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ನೆಲದ ಮೇಲಿನ ಅತಿ ವೇಗದ ಪ್ರಾಣಿಯಾದ ಚೀತಾ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ ಮುಟ್ಟಬಲ್ಲದು, ಆದರೆ ಕೆಲವು ನೂರು ಮೀಟರುಗಳ ಮಟ್ಟಿಗೆ ಮಾತ್ರ. ಅದರ ಉಗುರುಗಳು ಪೂರ್ತಿ ಒಳಸರಿಯದೆ ಓಟದಲ್ಲಿ ನೆಲಕ್ಕೆ ಹಿಡಿತ ಕೊಡುತ್ತವೆ. ದೇಹ ಹಗುರವಾದ್ದರಿಂದ ಸಿಂಹ, ಕತ್ತೆಕಿರುಬಗಳೊಡನೆ ಅದು ಕಾದಾಡಲಾರದು. ಹೀಗಾಗಿ ಹೆಚ್ಚಾಗಿ ಹಗಲಿನಲ್ಲೇ ಬೇಟೆಯಾಡುತ್ತದೆ, ಎಷ್ಟೋ ಬಾರಿ ಬೇಟೆಯನ್ನು ಬಿಟ್ಟುಕೊಟ್ಟು ಹೋಗುತ್ತದೆ.

ಭಾರತದಲ್ಲೂ ಚೀತಾ ಇತ್ತು. ಕನ್ನಡದಲ್ಲಿ ಅದಕ್ಕೆ ಸಿವಂಗಿ ಎಂಬ ಹೆಸರೇ ಇದೆ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಬೇಟೆಯ ಚೀತಾಗಳನ್ನು ಸಾಕಿದ್ದ. 1952ರಲ್ಲಿ ದೇಶದಿಂದ ಚೀತಾ ಅಳಿದಿದೆ ಎಂದು ಘೋಷಿಸಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತರಲಾಯಿತು. ಕರ್ನಾಟಕದ ಬಯಲಿನಲ್ಲಿ ಚೀತಾ ಇಲ್ಲವಾದರೂ ಅದು ಬೆನ್ನಟ್ಟುತ್ತಿದ್ದ ಕೃಷ್ಣಮೃಗ ಉಳಿದಿದೆ. ಇಂದಿನ ಶತ್ರುವಾದ ತೋಳದಿಂದ ಪಾರಾಗಲು ಬೇಕಾದುದಕ್ಕಿಂತ ಹೆಚ್ಚಿನ ವೇಗ ಅದರಲ್ಲಿರುವುದು ಚೀತಾದ ಕಾಲದ ಬಳುವಳಿ ಎಂಬ ಅಭಿಪ್ರಾಯವಿದೆ.

ಸಿಂಹ ಮತ್ತು ಕತ್ತೆಕಿರುಬ

ಬೆಕ್ಕಿನ ಜಾತಿಯ ಹೆಚ್ಚಿನ ಪ್ರಾಣಿಗಳು ಒಂಟಿಯಾಗಿ ಬದುಕಿದರೆ ಸಿಂಹ ಗುಂಪಿನಲ್ಲಿ ಬದುಕುತ್ತದೆ. ಗುಂಪಿನ ತಿರುಳು ರಕ್ತಸಂಬಂಧವುಳ್ಳ ಸಿಂಹಿಣಿಗಳು: ತಾಯಿ, ಮಗಳು, ಅಕ್ಕ, ತಂಗಿ. ಒಂದೇ ಸಮಯಕ್ಕೆ ಮರಿ ಹಾಕಿದ ಹೆಣ್ಣುಗಳು ಪರಸ್ಪರರ ಮರಿಗಳಿಗೂ ಹಾಲೂಡಿಸುತ್ತವೆ. ಗಂಡುಗಳು ಕೆಲವು ವರ್ಷಗಳ ಒಡೆಯರಷ್ಟೇ. ಹೊಸ ಗಂಡುಗಳು ಹಳೆಯವನ್ನು ಓಡಿಸಿದಾಗ ಎಳೆಯ ಮರಿಗಳನ್ನು ಕೊಲ್ಲುವುದುಂಟು. ಹೆಣ್ಣುಗಳು ಒಟ್ಟಾಗಿರುವುದಕ್ಕೆ ಈ ಅಪಾಯವೂ ಒಂದು ಕಾರಣ.

ಹೆಣ ತಿನ್ನುವ ಹೇಡಿ ಎಂದು ಹೆಸರು ಕೆಡಿಸಿಕೊಂಡಿರುವ ಚುಕ್ಕೆ ಕತ್ತೆಕಿರುಬ ವಾಸ್ತವದಲ್ಲಿ ಸಮರ್ಥ ಬೇಟೆಗಾರ. ತನ್ನ ಆಹಾರದ ಬಹುಪಾಲನ್ನು ತಾನೇ ಕೊಂದು ತಿನ್ನುತ್ತದೆ. ಅದರ ಬಳಗದಲ್ಲಿ ಹೆಣ್ಣಿನದೇ ಯಜಮಾನಿಕೆ. ಮರಿಗಳಿಗೆ ತಾಯಿಯ ಸ್ಥಾನಮಾನವೇ ದಕ್ಕುತ್ತದೆ. ಕರ್ನಾಟಕದ ಕುರುಚಲು ಕಾಡುಗಳಲ್ಲಿರುವುದು ಪಟ್ಟೆ ಕತ್ತೆಕಿರುಬ. ಇದು ಬಹುಮಟ್ಟಿಗೆ ಒಂಟಿ, ರಾತ್ರಿಸಂಚಾರಿ, ಸತ್ತ ಜಾನುವಾರುಗಳನ್ನು ತಿಂದು ನೆಲವನ್ನು ಸ್ವಚ್ಛವಾಗಿಡುವ ಜೀವಿ.

ಹಿರಿಯ ಹೆಣ್ಣಾನೆಯ ನೆನಪು

ಸವನ್ನಾ ಆನೆಗಳ ಹಿಂಡನ್ನು ಮುನ್ನಡೆಸುವುದು ಹಿರಿಯ ಹೆಣ್ಣಾನೆ. ಟಾಂಜಾನಿಯಾದ ತರಂಗಿರೆಯಲ್ಲಿ 1993ರಲ್ಲಿ ಭೀಕರ ಬರ ಬಿದ್ದಾಗ ಉದ್ಯಾನವನ್ನು ಬಿಟ್ಟು ಹೊರನಡೆದ ಹಿಂಡುಗಳಲ್ಲಿ ಮರಿಗಳ ಸಾವು ಕಡಿಮೆಯಿತ್ತು. ಅಲ್ಲೇ ಉಳಿದ ಹಿಂಡಿನಲ್ಲಿ ಹೆಚ್ಚಿತ್ತು. ಹೊರನಡೆದ ಹಿಂಡುಗಳಲ್ಲಿ ಹಿಂದಿನ ಬರವನ್ನು ಕಂಡಿರಬಹುದಾದ ವಯಸ್ಸಿನ ಹೆಣ್ಣಾನೆಗಳಿದ್ದವು. ದಂತಕ್ಕಾಗಿ ಹಿರಿಯ ಆನೆಯನ್ನು ಕೊಂದರೆ ಅದರೊಂದಿಗೆ ಇಡೀ ಹಿಂಡಿನ ಅನುಭವವೂ ನಾಶವಾಗುತ್ತದೆ.

ಮರದ ತುದಿಯ ಮೇವಿಗೆ ಜಿರಾಫೆಯೇ ಒಡೆಯ. ಸುಮಾರು ಐದೂವರೆ ಮೀಟರ್‌ವರೆಗೆ ಬೆಳೆಯುವ ಇದರ ಕತ್ತಿನಲ್ಲಿಯೂ ಮನುಷ್ಯನಲ್ಲಿರುವಂತೆ ಏಳೇ ಮೂಳೆಗಳಿವೆ. ಉದ್ದನೆಯ ನಾಲಿಗೆಯಿಂದ ಜಾಲಿಯ ಮುಳ್ಳುಗಳ ನಡುವಿನ ಎಲೆಯನ್ನು ಬಿಡಿಸಿ ತಿನ್ನುತ್ತದೆ.

ಕನ್ನಡ ನಾಡಿನ ಕಾವಲುಗಳು

ಸವನ್ನಾ ಎಂಬ ಪದ ಬರುವ ಮೊದಲೇ ಕನ್ನಡದಲ್ಲಿ ಅಂಥ ನೆಲಕ್ಕೆ ಕಾವಲು, ಗೋಮಾಳ ಎಂಬ ಪದಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ರಾಜ್ಯದ ಗೋಸಂಪತ್ತಿನ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಆ ದನಗಳ ಮೇವಿಗೆಂದು ಕಾಯ್ದಿಟ್ಟ ಕಾವಲುಗಳೇ ಕೃಷ್ಣಮೃಗ, ತೋಳ, ನರಿ, ಎರೆಭೂತಗಳಿಗೂ ಆಸರೆಯಾದವು. ಮಳೆ ನೋಡಿಕೊಂಡು ಕುರಿಹಿಂಡಿನೊಡನೆ ಊರಿಂದೂರಿಗೆ ಸಾಗುವ ಕುರುಬರ ಸಂಚಾರವೂ ಸೆರೆಂಗೆಟಿಯ ವಲಸೆಯಂತೆ ಹುಲ್ಲಿನ ಲೆಕ್ಕವನ್ನೇ ಅನುಸರಿಸುತ್ತದೆ.

ಕಂದಾಯದ ದಾಖಲೆಯಲ್ಲಿ ಇಂಥ ನೆಲ ಅನೇಕ ಕಡೆ ಬಂಜರು ಅಥವಾ ಪಾಳು ಎನಿಸಿಕೊಂಡಿತು. ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಅಮೃತಮಹಲ್ ಕಾವಲನ್ನು 2007ರ ನಂತರದ ವರ್ಷಗಳಲ್ಲಿ ರಕ್ಷಣಾ ಹಾಗೂ ವೈಜ್ಞಾನಿಕ ಸಂಸ್ಥೆಗಳಿಗೆ ನೀಡಲಾಯಿತು. 1974ರಲ್ಲಿ ರಚನೆಯಾದ, 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ಬಯಲಿನ ಬಹುಭಾಗವನ್ನು ನೀಲಗಿರಿ ತೋಪು ಆವರಿಸಿತು. ಓಡಿ ಬದುಕುವ ಜಿಂಕೆಗೆ ತೋಪಿನ ಸಾಲುಗಳು ಆಸರೆಯಲ್ಲ, ಅಡ್ಡಿ. 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಅಲ್ಲಿಯೂ ಹುಲ್ಲಿನಲ್ಲಿ ಅಡಗಿದ ಮರಿಗಳಿಗೆ ಬೀದಿನಾಯಿಗಳ ಕಾಟ ತಪ್ಪಿಲ್ಲ.

ನಗರದ ಅಂಚಿನ ಬಯಲು

1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಅರ್ಕಾವತಿಯ ಹೆಸರಘಟ್ಟ ಕೆರೆಗೆ ಹೊಂದಿಕೊಂಡ ಹುಲ್ಲುಗಾವಲು ಬಹುಕಾಲ ಪಶುಸಂಗೋಪನಾ ಇಲಾಖೆಯ ವಶದಲ್ಲಿದ್ದುದರಿಂದ ನಿವೇಶನಗಳಾಗದೆ ಉಳಿಯಿತು. ಇಲ್ಲಿ ಆನೆ, ಸಿಂಹಗಳಿಲ್ಲ. ಆದರೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಜಾತಿಯ ಬೇಟೆಹಕ್ಕಿಗಳು ಹುಲ್ಲಿನ ಮೇಲೆ ತಗ್ಗಿ ಹಾರುತ್ತ ಮಿಡತೆ, ಇಲಿಗಳನ್ನು ಹುಡುಕುತ್ತವೆ. ರಾತ್ರಿ ನೆಲದ ಹುಲ್ಲಿನಲ್ಲೇ ತಂಗುತ್ತವೆ. ಮರಗಳ ಉದ್ಯಾನ ಎಷ್ಟೇ ಚೆಂದವಿದ್ದರೂ ಈ ಹಕ್ಕಿಗಳಿಗೆ ಅದರಿಂದ ಪ್ರಯೋಜನವಿಲ್ಲ.

ಈ ನೆಲದ ಸುಮಾರು 5,010 ಎಕರೆಯನ್ನು ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಿರಸ್ಕರಿಸಿತ್ತು. 2024ರ ಅಕ್ಟೋಬರ್‌ನಲ್ಲಿ ಮಂಡಳಿಯು 5,678 ಎಕರೆಯ ಪ್ರಸ್ತಾವಕ್ಕೆ ಸಮ್ಮತಿ ನೀಡಿತು. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಚಿಕ್ಕಜಾಲದ ಸುತ್ತಲಿನ ಹೊಲ, ಬಯಲುಗಳು ಬಡಾವಣೆಗಳಾಗುತ್ತ ಬಂದಿವೆ. ಈ ಭಾಗದಲ್ಲಿ ಹುಲ್ಲಿಗೆ ಉಳಿದಿರುವ ದೊಡ್ಡ ನೆಲ ಇದೊಂದೇ ಎನ್ನಬಹುದು.

ಸೆರೆಂಗೆಟಿಯ ಹಿಂಡುಗಳು ಉಳಿದಿರುವುದು ಅಲ್ಲಿನ ಬಯಲು ಬಯಲಾಗಿಯೇ ಉಳಿದಿರುವುದರಿಂದ. ಕರ್ನಾಟಕದ ಕೃಷ್ಣಮೃಗ, ತೋಳ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಪಾಲಿಗೂ ಬೇಕಾದದ್ದು ಅಷ್ಟೇ: ಉಳುಮೆ, ಕಟ್ಟಡ, ನೆಡುತೋಪುಗಳಿಂದ ಮುಕ್ತವಾದ ಹುಲ್ಲಿನ ನೆಲ. ಖಾಲಿಯಾಗಿ ಕಾಣುವ ಈ ಭೂಮಿ ಖಾಲಿಯಲ್ಲ ಎಂಬುದನ್ನು ದಾಖಲೆಯ ಪುಸ್ತಕಗಳೂ ಒಪ್ಪಿಕೊಳ್ಳಬೇಕಾಗಿದೆ.