ಕಳೆದುಹೋದ ಹಸ್ತಪ್ರತಿಯ ಪತ್ತೇದಾರಿ ಕಾದಂಬರಿ

ನವೋದಯ ಕಾಲದ ಯುರೋಪಿನಲ್ಲಿ ಕಣ್ಮರೆಯಾದ ಕವಿತೆ, ನಾಟಕ ಅಥವಾ ಅಪರೂಪದ ಗ್ರಂಥದ ಬೆನ್ನುಹತ್ತುವ ವಿದ್ವಾಂಸರ ಕಥೆ ಹೇಳುವ ಇಂಗ್ಲಿಷ್ ಕಾದಂಬರಿ ಪ್ರಕಾರ. ಇಲ್ಲಿ ಪತ್ತೇದಾರನ ಕೆಲಸ ಪ್ರಾಧ್ಯಾಪಕನ ಪಾಲಿಗೆ, ಇಲ್ಲವೇ ಹಳೆಯ ಪುಸ್ತಕದ ವ್ಯಾಪಾರಿಯ ಪಾಲಿಗೆ ಬರುತ್ತದೆ.

ಎಲ್ಲರಿಗಿಂತ ಹೆಚ್ಚು ಹುಡುಕಾಟಕ್ಕೆ ಒಳಗಾದವನು ಶೇಕ್ಸ್‌ಪಿಯರ್. 1933ರ 'ಡ್ರೂರಿ ಲೇನ್ಸ್ ಲಾಸ್ಟ್ ಕೇಸ್' ಕಾದಂಬರಿಯಲ್ಲಿ ರಹಸ್ಯ ಸುತ್ತುವುದು 1599ರಲ್ಲಿ ಪ್ರಕಾಶಕ ಜಗಾರ್ಡ್ ಶೇಕ್ಸ್‌ಪಿಯರ್ ಹೆಸರಿನಲ್ಲಿ ಹೊರತಂದ ಕವನ ಸಂಕಲನದ ಸುತ್ತ. ಎಡ್ಮಂಡ್ ಕ್ರಿಸ್ಪಿನ್‌ನ 'ಲವ್ ಲೈಸ್ ಬ್ಲೀಡಿಂಗ್' (1948) ಕೃತಿಯಲ್ಲಿ ಆಕ್ಸ್‌ಫರ್ಡ್ ಪ್ರಾಧ್ಯಾಪಕ ಜರ್ವೇಸ್ ಫೆನ್ 'ಲವ್ಸ್ ಲೇಬರ್ಸ್ ವನ್' ನಾಟಕದ ಜಾಡು ಹಿಡಿಯುತ್ತಾನೆ. ಈ ನಾಟಕದ ಹೆಸರನ್ನು ಲೇಖಕ ಫ್ರಾನ್ಸಿಸ್ ಮೆರಿಸ್ 1598ರಲ್ಲೇ ದಾಖಲಿಸಿದ್ದ; ಪ್ರತಿ ಮಾತ್ರ ಸಿಕ್ಕಿಲ್ಲ. ಸ್ವಾರಸ್ಯವೆಂದರೆ, ಕಾದಂಬರಿ ಬಂದ ಐದು ವರ್ಷಕ್ಕೆ, 1953ರಲ್ಲಿ, ಹಳೆಯ ಪುಸ್ತಕವೊಂದರ ರಟ್ಟಿನೊಳಗೆ ತುರುಕಿದ್ದ ರದ್ದಿ ಹಾಳೆಗಳಲ್ಲಿ 1603ರ ಪುಸ್ತಕ ವ್ಯಾಪಾರಿಯೊಬ್ಬನ ಪಟ್ಟಿ ದೊರೆಯಿತು. ಅದರಲ್ಲೂ ಈ ನಾಟಕದ ಹೆಸರಿತ್ತು!

ಮೈಕಲ್ ಗ್ರೂಬರ್‌ನ 'ದಿ ಬುಕ್ ಆಫ್ ಏರ್ ಅಂಡ್ ಶಾಡೋಸ್' (2007) ಆರಂಭವಾಗುವುದೂ ರಟ್ಟಿನೊಳಗಿನ ಹಾಳೆಗಳಿಂದಲೇ. ಅದೇ ವರ್ಷ ಬಂದ ಜೆನಿಫರ್ ಲೀ ಕ್ಯಾರೆಲ್ ಅವರ ಕಾದಂಬರಿ, 1613ರಲ್ಲಿ ಆಸ್ಥಾನದಲ್ಲಿ ಪ್ರದರ್ಶನಗೊಂಡು ಮರೆಯಾದ 'ಕಾರ್ಡೆನಿಯೊ' ನಾಟಕವನ್ನು ಅರಸುತ್ತದೆ. ಕೊಲೆಗಳ ಭರಾಟೆಯಲ್ಲಿ ಪಾಂಡಿತ್ಯ ತೆಳುವಾಗುವುದು ಈ ಪ್ರಕಾರದ ಸಾಮಾನ್ಯ ದೋಷ. ಎ. ಎಸ್. ಬಯಟ್ ಅವರ 'ಪೊಸೆಷನ್' ಇದಕ್ಕೆ ಹೊರತು. ಆದರೆ ಅದರ ಕವಿಗಳು ವಿಕ್ಟೋರಿಯನ್ ಕಾಲದವರು. ಆ ಕೃತಿಗೆ 1990ರ ಬೂಕರ್ ಪ್ರಶಸ್ತಿ ಸಂದಿತು.